ಸೆಲೆನಿಯಂ ತಗೊಂಡರೆ ಥೈರಾಯ್ಡ್ ಮಾತ್ರೆ ಬಿಡಬಹುದಾ?

ನೀವು ಕೊಟ್ಟಿರುವ ವಿವರಗಳನ್ನು ಮೊದಲು ಒಂದು ಕಡೆ ಇಡುತ್ತೇನೆ, ಉತ್ತರ ಅದರ ಮೇಲೇ ನಿಂತಿದೆ. ವಯಸ್ಸು 36, ತೂಕ 62 ಕೆಜಿ. ಬೆಳಿಗ್ಗೆ ಥೈರಾಯ್ಡ್ ಮಾತ್ರೆ ಥೈರಾಕ್ಸಿನ್ 50 ಮೈಕ್ರೋಗ್ರಾಂ, ಹತ್ತೇ ನಿಮಿಷಕ್ಕೆ ಕಾಫಿ, ತಿಂಡಿ ಜೊತೆ ಕ್ಯಾಲ್ಸಿಯಂ ಮಾತ್ರೆ, ಕೂದಲಿಗೆಂದು ಬಯೋಟಿನ್ 10 ಮಿಲಿಗ್ರಾಂ, ರಾತ್ರಿ ಒಂದು ಮಲ್ಟಿವಿಟಮಿನ್. ಟಿಎಸ್‌ಎಚ್ 7.4 (ಇದು ಥೈರಾಯ್ಡ್ ಅನ್ನು ಕೆಲಸಕ್ಕೆ ಹಚ್ಚುವ ಹಾರ್ಮೋನ್; ಹೆಚ್ಚಿದ್ದರೆ ಥೈರಾಯ್ಡ್ ಹಾರ್ಮೋನ್ ಸಾಲುತ್ತಿಲ್ಲ ಎಂದರ್ಥ), ಆಂಟಿ-ಟಿಪಿಒ 620 (ಥೈರಾಯ್ಡ್ ವಿರುದ್ಧ ದೇಹವೇ ಮಾಡಿಕೊಳ್ಳುವ ಆಂಟಿಬಾಡಿಯ ಅಳತೆ). ಸುಸ್ತು ಹೋಗಿಲ್ಲ, ಕೂದಲು ಉದುರುವುದು ನಿಂತಿಲ್ಲ. ದಿನಕ್ಕೆ 200 ಮೈಕ್ರೋಗ್ರಾಂ ಸೆಲೆನಿಯಂ ಎಂಬ ಖನಿಜ ಮತ್ತು ಮೂರು ಬ್ರೆಜಿಲ್ ನಟ್ ತಿಂದರೆ ಆರು ತಿಂಗಳಲ್ಲಿ ಥೈರಾಯ್ಡ್ ಮಾತ್ರೆ ಬಿಡಬಹುದು ಎಂದು ವಿಡಿಯೋ ಒಂದರಲ್ಲಿ ನೋಡಿದ್ದೀರಿ, ಶುರು ಮಾಡಲಾ ಎಂದು ಕೇಳಿದ್ದೀರಿ.

ಆ ಪ್ರಮಾಣದಲ್ಲಿ ಖಂಡಿತ ಬೇಡ. ಥೈರಾಕ್ಸಿನ್ ಅನ್ನಂತೂ ಬಿಡಲೇಬೇಡಿ. ನಿಮ್ಮ ಟಿಎಸ್‌ಎಚ್ ಇಳಿಯದೇ ಇರುವುದಕ್ಕೆ ಕಾರಣ ಸೆಲೆನಿಯಂ ಕೊರತೆಗಿಂತ ಆ ಕಾಫಿ, ಆ ಕ್ಯಾಲ್ಸಿಯಂ ಮತ್ತು 50ರ ಡೋಸ್ ಆಗಿರುವ ಸಾಧ್ಯತೆಯೇ ಹೆಚ್ಚು.

ಸೆಲೆನಿಯಂಗೆ ಥೈರಾಯ್ಡ್‌ಗೆ ಒಳ್ಳೆಯದೆಂಬ ಹೆಸರು ಸುಮ್ಮನೆ ಬಂದಿಲ್ಲ. ದೇಹದಲ್ಲಿ ಪ್ರತಿ ಗ್ರಾಂ ತೂಕದ ಲೆಕ್ಕದಲ್ಲಿ ಅತಿ ಹೆಚ್ಚು ಸೆಲೆನಿಯಂ ಇರುವ ಅಂಗ ಥೈರಾಯ್ಡ್ ಗ್ರಂಥಿಯೇ. ಹಾರ್ಮೋನ್ ತಯಾರಿಸುವಾಗ ಅಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಅದು ಗ್ರಂಥಿಯ ಕೋಶಗಳನ್ನೇ ಸುಡದಂತೆ ಕಾಯುವ ಗ್ಲುಟಾಥಯೋನ್ ಪೆರಾಕ್ಸಿಡೇಸ್ ಎಂಬ ಕಿಣ್ವಕ್ಕೆ ಸೆಲೆನಿಯಂ ಬೇಕು. ಥೈರಾಯ್ಡ್ ಹಾರ್ಮೋನ್ ಟಿ4 ಅನ್ನು ಕೆಲಸ ಮಾಡುವ ರೂಪವಾದ ಟಿ3 ಆಗಿ ಬದಲಿಸುವ ಡಿಅಯೊಡಿನೇಸ್ ಕಿಣ್ವಗಳಿಗೂ ಬೇಕು. ಹಾಗಾದರೆ ಹೆಚ್ಚು ಕೊಟ್ಟಷ್ಟೂ ಹೆಚ್ಚು ಕೆಲಸ ಆಗಬೇಕಲ್ಲ? ಆಗುವುದಿಲ್ಲ. ಈ ಕಿಣ್ವಗಳಿಗೆ ಬೇಕಾದಷ್ಟು ಸಿಕ್ಕಿದ ಮೇಲೆ ಉಳಿದದ್ದರಿಂದ ಅವು ಇನ್ನಷ್ಟು ಚುರುಕಾಗುವುದಿಲ್ಲ. ಊಟದಲ್ಲಿ ಸ್ವಲ್ಪ ಕಡಿಮೆಯಾದರೂ ದೇಹ ಬೇರೆ ಅಂಗಗಳಿಗೆ ಕಡಿತ ಮಾಡಿ ಮಿದುಳಿಗೆ ಮತ್ತು ಥೈರಾಯ್ಡ್‌ಗೆ ಮೊದಲು ಸೆಲೆನಿಯಂ ಉಳಿಸಿಕೊಡುತ್ತದೆ.

ಆಂಟಿ-ಟಿಪಿಒ 620 ಇದೆ ಎಂದರೆ ನಿಮ್ಮದು ಹಾಶಿಮೊಟೊ, ಅಂದರೆ ರೋಗನಿರೋಧಕ ವ್ಯವಸ್ಥೆಯೇ ಗ್ರಂಥಿಯ ಮೇಲೆ ತಿರುಗಿಬಿದ್ದಿರುವ ಸ್ಥಿತಿ. ಇದರಲ್ಲಿ ಸೆಲೆನಿಯಂ ಏನು ಮಾಡುತ್ತದೆ ಎಂದು ಸಂಶೋಧಕರು ಸಾಕಷ್ಟು ನೋಡಿದ್ದಾರೆ. 2002ರಲ್ಲಿ ಜರ್ಮನಿಯಲ್ಲಿ ದಿನಕ್ಕೆ 200 ಮೈಕ್ರೋಗ್ರಾಂ ಸೋಡಿಯಂ ಸೆಲೆನೈಟ್ (ಸೆಲೆನಿಯಂನ ಒಂದು ಲವಣ) ಅನ್ನು ಮೂರು ತಿಂಗಳು ಕೊಟ್ಟಾಗ ಟಿಪಿಒ ಆಂಟಿಬಾಡಿ ಇಳಿಯಿತು. ಆಮೇಲಿನ ಹಲವು ಅಧ್ಯಯನಗಳಲ್ಲೂ ಹಾಗೇ ಕಂಡಿದೆ. ವಿಡಿಯೋಗಳು ಹಿಡಿದುಕೊಂಡಿರುವುದು ಇದನ್ನೇ. ಆದರೆ ಆಂಟಿಬಾಡಿಯ ಅಂಕಿ ಇಳಿದ ಮಾತ್ರಕ್ಕೆ ನಾಶವಾದ ಕೋಶಗಳು ಮತ್ತೆ ಬೆಳೆಯುವುದಿಲ್ಲ. ಥೈರಾಕ್ಸಿನ್ ತೆಗೆದುಕೊಳ್ಳುತ್ತಿರುವ ಹಾಶಿಮೊಟೊ ರೋಗಿಗಳಿಗೆ ಡೆನ್ಮಾರ್ಕ್‌ನಲ್ಲಿ ಒಂದು ವರ್ಷ ದಿನಾ 200 ಮೈಕ್ರೋಗ್ರಾಂ ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 2024ರಲ್ಲಿ ಬಂತು: ಸುಸ್ತು, ಮಂಕುತನ, ಒಟ್ಟು ಜೀವನದ ಗುಣಮಟ್ಟ, ಯಾವುದರಲ್ಲೂ ಸೆಲೆನಿಯಂ, ಔಷಧವೇ ಇಲ್ಲದ ಖಾಲಿ ಮಾತ್ರೆಗಿಂತ ಮೇಲಾಗಲಿಲ್ಲ. ಎರಡೂ ಗುಂಪಿನವರಿಗೆ ಒಂದೇ ಥರ ಸ್ವಲ್ಪ ಹಾಯೆನಿಸಿತ್ತು. ಇನ್ನೂ ಥೈರಾಕ್ಸಿನ್ ಶುರು ಮಾಡಿರದವರಲ್ಲಿ ಟಿಎಸ್‌ಎಚ್ ಕೊಂಚ ಇಳಿಯುತ್ತದೆ ಎನ್ನುವ ಪುರಾವೆ ಇದೆ. ನೀವು ಆ ಗುಂಪಿನಲ್ಲಿಲ್ಲ.

ಈಗ ವಿಡಿಯೋದಲ್ಲಿ ಹೇಳಿದ ಪ್ರಮಾಣವನ್ನು ಕೂಡಿಸಿ ನೋಡಿ. ನನಗೆ ಭಯ ಹುಟ್ಟಿಸುವುದು ಇದೇ. ಮಾತ್ರೆ 200. ಬ್ರೆಜಿಲ್ ನಟ್ ಒಂದಕ್ಕೆ 50ರಿಂದ 90, ಮರ ಬೆಳೆದ ಮಣ್ಣಿನ ಮೇಲೆ ಇನ್ನೂ ಹೆಚ್ಚೂ ಇರಬಹುದು. ಮೂರಕ್ಕೆ 150ರಿಂದ 270. ಮಲ್ಟಿವಿಟಮಿನ್‌ನಲ್ಲಿ ಸೆಲೆನಿಯಂ ಇದ್ದರೆ ಸುಮಾರು 40. ಊಟದಿಂದ 50 ಎಂದಿಟ್ಟುಕೊಳ್ಳಿ. ಒಟ್ಟು 440ರಿಂದ 560 ಮೈಕ್ರೋಗ್ರಾಂ. ನಮ್ಮ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ವಯಸ್ಕರಿಗೆ ದಿನಕ್ಕೆ 40 ಸಾಕು ಎನ್ನುತ್ತದೆ. ಮೀರಬಾರದ ಗೆರೆಯನ್ನು ಅಮೆರಿಕದವರು 400ಕ್ಕೆ ಎಳೆದಿದ್ದಾರೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ಅದನ್ನು 255ಕ್ಕೆ ಇಳಿಸಿತು. ಹಾಗೆ ಇಳಿಸುವಾಗ ಅವರು ಆಧಾರವಾಗಿ ತೆಗೆದುಕೊಂಡ ಮೊದಲ ಲಕ್ಷಣ ಕೂದಲು ಉದುರುವುದು.

ಇಲ್ಲೇ ಜನ ಸಿಕ್ಕಿಹಾಕಿಕೊಳ್ಳುವುದು. ಸೆಲೆನಿಯಂ ಅತಿಯಾದಾಗ ಕೂದಲು ಉದುರುತ್ತದೆ, ಉಗುರು ಸೀಳುತ್ತದೆ, ಸುಸ್ತಾಗುತ್ತದೆ. ಥೈರಾಯ್ಡ್ ಕಡಿಮೆಯಾದಾಗಲೂ ಇದೇ. ಕೂದಲು ಉದುರುತ್ತಿದೆ ಎಂದು ಸೆಲೆನಿಯಂ ಹೆಚ್ಚಿಸುತ್ತಾರೆ, ಅದರಿಂದ ಇನ್ನಷ್ಟು ಉದುರುತ್ತದೆ. ಗುರುತು ಹಿಡಿಯಲು ಕೆಲವು ಸುಳಿವುಗಳಿವೆ: ಉಸಿರಿನಲ್ಲಿ ಬೆಳ್ಳುಳ್ಳಿ ವಾಸನೆ, ಬಾಯಲ್ಲಿ ಲೋಹದ ರುಚಿ, ಉಗುರಿನ ಮೇಲೆ ಬಿಳಿ ಗೆರೆ, ಹೊಟ್ಟೆ ಕೆಡುವುದು. ಇವು ಕಂಡರೆ ಸೆಲೆನಿಯಂ ಇರುವ ಎಲ್ಲವನ್ನೂ ಅವತ್ತೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ಪಂಜಾಬಿನ ನವಾಂಶಹರ್, ಹೋಶಿಯಾರ್‌ಪುರ ಕಡೆಯ ಕೆಲವು ಹಳ್ಳಿಗಳಲ್ಲಿ ಮಣ್ಣಿನಲ್ಲೇ ಸೆಲೆನಿಯಂ ಅತಿಯಾಗಿ, ಅಲ್ಲಿ ಬೆಳೆದ ಗೋಧಿ ತಿಂದ ಜನರಿಗೂ ಮೇವು ತಿಂದ ದನಗಳಿಗೂ ಈ ತೊಂದರೆ ಬಂದದ್ದು ದಾಖಲಾಗಿದೆ. 2008ರಲ್ಲಿ ಅಮೆರಿಕದಲ್ಲಿ ಒಂದು ಟಾನಿಕ್‌ಗೆ ಚೀಟಿಯಲ್ಲಿ ಬರೆದದ್ದಕ್ಕಿಂತ ಸುಮಾರು 200 ಪಟ್ಟು ಸೆಲೆನಿಯಂ ಸೇರಿಹೋಗಿ ಇನ್ನೂರು ಜನ ಕೂದಲು, ಉಗುರು ಕಳೆದುಕೊಂಡು ನರಳಿದರು. ಅಷ್ಟು ದೊಡ್ಡ ಪ್ರಮಾದ ಆಗದಿದ್ದರೂ 200 ಮೈಕ್ರೋಗ್ರಾಂ ಅನ್ನು ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಸಕ್ಕರೆ ಕಾಯಿಲೆ ಹೆಚ್ಚಾದದ್ದು ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ ಕಂಡಿದೆ. ಮನೆತನದಲ್ಲಿ ಶುಗರ್ ಇದ್ದರೆ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಉಪ್ಪಿನ ವಿಷಯ ನೀವು ಹೇಳಿಲ್ಲ, ಆದರೂ ಕೇಳುತ್ತೇನೆ: ಆರೋಗ್ಯಕ್ಕೆ ಒಳ್ಳೆಯದೆಂದು ಅಡುಗೆಗೆ ಪೂರ್ತಿ ಸೈಂಧವ ಲವಣಕ್ಕೆ ಬದಲಾಗಿದ್ದೀರಾ? ಅದರಲ್ಲಿ ಅಯೋಡಿನ್ ಇಲ್ಲವೆನ್ನುವಷ್ಟು ಕಡಿಮೆ. ಅಯೋಡಿನ್ ಕೊರತೆ ಇರುವವರಿಗೆ ಸೆಲೆನಿಯಂ ಮಾತ್ರ ಕೊಟ್ಟರೆ ಥೈರಾಯ್ಡ್ ಇನ್ನೂ ಕುಸಿಯಬಹುದು. ಆಗ ಜೈರ್ ಎಂದು ಕರೆಯುತ್ತಿದ್ದ ಕಾಂಗೋದಲ್ಲಿ, ಎರಡೂ ಕೊರತೆಯಿದ್ದವರಿಗೆ ದಿನಕ್ಕೆ ಬರೀ 50 ಮೈಕ್ರೋಗ್ರಾಂ ಎರಡು ತಿಂಗಳು ಕೊಟ್ಟಾಗ, ಮೊದಲೇ ತೀವ್ರ ಹೈಪೋಥೈರಾಯ್ಡ್ ಇದ್ದವರ ಸ್ಥಿತಿ ಬಿಗಡಾಯಿಸಿದ್ದು 1991ರಲ್ಲಿ ವರದಿಯಾಗಿತ್ತು. ಮಾಮೂಲಿ ಅಯೋಡಿನ್ ಉಪ್ಪಿನ ಪ್ಯಾಕೆಟ್ ಸಾಕು. ಹಾಗೆಂದು ಸಮುದ್ರಪಾಚಿಯ ಕೆಲ್ಪ್ ಮಾತ್ರೆಗೆ ಕೈಹಾಕಬೇಡಿ, ಅತಿಯಾದ ಅಯೋಡಿನ್ ಹಾಶಿಮೊಟೊವನ್ನು ಕೆರಳಿಸುತ್ತದೆ.

ಇನ್ನು ನಿಮ್ಮ ಥೈರಾಕ್ಸಿನ್. ಮಾತ್ರೆ ಥೈರೋನಾರ್ಮ್ ಆಗಲಿ ಎಲ್ಟ್ರಾಕ್ಸಿನ್ ಆಗಲಿ, ಒಳಗಿರುವುದು ಲೀವೋಥೈರಾಕ್ಸಿನ್. ಇದು ಕರುಳಿನಲ್ಲಿ ಸುಲಭವಾಗಿ ಬೇರೆ ವಸ್ತುಗಳಿಗೆ ಅಂಟಿಕೊಂಡು ಹೀರಿಕೆಯಾಗದೆ ಹೊರಟುಹೋಗುತ್ತದೆ. ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನಲ್ಲಿ ನುಂಗಿ. ಫಿಲ್ಟರ್ ಕಾಫಿಗೆ ಪೂರ್ತಿ ಒಂದು ಗಂಟೆ ಬಿಡಿ. ಕಾಫಿಯೂ ತಡೆಯುತ್ತದೆ, ಅದರಲ್ಲಿರುವ ಹಾಲೂ ತಡೆಯುತ್ತದೆ. ರಾಗಿ ಗಂಜಿ ಕುಡಿಯುವ ಅಭ್ಯಾಸವಿದ್ದರೆ ಅದಕ್ಕೂ ಇದೇ ಅಂತರ, ರಾಗಿಯಲ್ಲಿ ಕ್ಯಾಲ್ಸಿಯಂ ಜಾಸ್ತಿ. ಕ್ಯಾಲ್ಸಿಯಂ ಮಾತ್ರೆಯನ್ನು ತಿಂಡಿಯಿಂದ ಮಧ್ಯಾಹ್ನದ ಊಟಕ್ಕೆ ಸರಿಸಿ: ಕ್ಯಾಲ್ಸಿಯಂ, ಕಬ್ಬಿಣ ಎರಡಕ್ಕೂ ನಾಲ್ಕು ಗಂಟೆ ಅಂತರ ಬೇಕೇ ಬೇಕು. ಗ್ಯಾಸ್ಟ್ರಿಕ್‌ಗೆಂದು ದಿನಾ ಪ್ಯಾಂಟೊಪ್ರಜೋಲ್ ನುಂಗುತ್ತಿದ್ದರೆ ಡಾಕ್ಟರಿಗೆ ಹೇಳಿ, ಹೊಟ್ಟೆಯ ಆಮ್ಲ ಕಡಿಮೆಯಾದರೆ ಥೈರಾಕ್ಸಿನ್ ಸರಿಯಾಗಿ ಕರಗುವುದಿಲ್ಲ. ಬೆಳಗಿನ ಕಾಫಿ ಬಿಡಲಾಗದವರು ರಾತ್ರಿ ಊಟವಾಗಿ ಕನಿಷ್ಠ ಮೂರು ಗಂಟೆ ಕಳೆದ ಮೇಲೆ ಮಲಗುವಾಗ ತೆಗೆದುಕೊಳ್ಳಬಹುದು. ಆಗ ಆ ಮಲ್ಟಿವಿಟಮಿನ್ ರಾತ್ರಿ ಇರಕೂಡದು. ಮಾತ್ರೆಗಳನ್ನು ಬಾಟಲಿಯಲ್ಲೇ ಬಿಗಿಯಾಗಿ ಮುಚ್ಚಿಡಿ. ಒಲೆಯ ಪಕ್ಕದ ಕಪಾಟು, ಬಚ್ಚಲಮನೆ ಎರಡೂ ಬೇಡ, ಶಾಖಕ್ಕೆ ಮತ್ತು ತೇವಕ್ಕೆ ಔಷಧದ ಬಲ ಕುಗ್ಗುತ್ತದೆ.

ಡೋಸ್ ಬಗ್ಗೆ: ಗ್ರಂಥಿ ಪೂರ್ತಿ ನಿಂತುಹೋದವರಿಗೆ ಕೆಜಿಗೆ 1.6 ಮೈಕ್ರೋಗ್ರಾಂ ಲೆಕ್ಕ, 62 ಕೆಜಿಗೆ ಸುಮಾರು 100. ನಿಮ್ಮ ಗ್ರಂಥಿ ಅರೆಬರೆ ಕೆಲಸ ಮಾಡುತ್ತಿರಬಹುದು, ಹಾಗಾಗಿ ಅಷ್ಟು ಬೇಕಾಗಲಿಕ್ಕಿಲ್ಲ. ಆದರೆ 50ರ ಮೇಲೆ ಹೋಗಲು ಜಾಗವಿದೆ. ಅದನ್ನು ಡಾಕ್ಟರ್ ನಿರ್ಧರಿಸಲಿ. ಒಂದು ಮಾತು ಮಾತ್ರ: ಕಾಫಿ, ಕ್ಯಾಲ್ಸಿಯಂ ಸರಿಪಡಿಸುವುದು ಮತ್ತು ಡೋಸ್ ಏರಿಸುವುದು ಎರಡನ್ನೂ ಒಟ್ಟಿಗೆ ಮಾಡಿದರೆ ಹಾರ್ಮೋನ್ ಅತಿಯಾಗಿ ಎದೆ ಡವಡವ, ನಿದ್ದೆಗೇಡು ಆಗಬಹುದು. ಈಗಿನ ಅಭ್ಯಾಸ ಹೀಗಿತ್ತು ಎಂದು ಅವರಿಗೆ ಬಿಡಿಸಿ ಹೇಳಿ. ಏನೇ ಬದಲಿಸಿದರೂ ಮುಂದಿನ ಟಿಎಸ್‌ಎಚ್ 6ರಿಂದ 8 ವಾರದ ನಂತರವೇ. ಥೈರಾಕ್ಸಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು ಒಂದು ವಾರ ಬೇಕು, ಹದಿನೈದು ದಿನಕ್ಕೆ ನೋಡಿದರೆ ಏನೂ ತಿಳಿಯದು.

ಆ ಬಯೋಟಿನ್ ಅನ್ನು ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲು ನಿಲ್ಲಿಸಿ, ಮೂರು ದಿನವಾದರೆ ಇನ್ನೂ ಒಳ್ಳೆಯದು. ಹಲವು ಲ್ಯಾಬ್‌ಗಳ ಪರೀಕ್ಷಾ ವಿಧಾನದಲ್ಲಿ ಬಯೋಟಿನ್ ಟಿಎಸ್‌ಎಚ್ ಅನ್ನು ಸುಳ್ಳಾಗಿ ಕಡಿಮೆ, ಫ್ರೀ ಟಿ4 ಅನ್ನು ಸುಳ್ಳಾಗಿ ಹೆಚ್ಚು ತೋರಿಸುತ್ತದೆ. ನಿಮ್ಮ 7.4 ನಿಜಕ್ಕೂ ಅದಕ್ಕಿಂತ ಹೆಚ್ಚೇ ಇದ್ದಿರಬಹುದು. ಅದೇ ರಕ್ತದಲ್ಲಿ ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಬಿ12, ಹಿಮೋಗ್ಲೋಬಿನ್ ಸಹ ನೋಡಿಸಿ. ನಿಮ್ಮ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಕೂದಲು ಉದುರುವುದಕ್ಕೂ ಸುಸ್ತಿಗೂ ಕಬ್ಬಿಣದ ಕೊರತೆ ತೀರಾ ಸಾಮಾನ್ಯ. ಹಾಶಿಮೊಟೊ ಇರುವವರಲ್ಲಿ ಬಿ12 ಹೀರಿಕೊಳ್ಳಲಾಗದ ತೊಂದರೆ ಜೊತೆಗೇ ಬರುವುದುಂಟು.

ಸೆಲೆನಿಯಂ ಬೇಕೆನಿಸಿದರೆ ಊಟದಿಂದಲೇ ಬರಲಿ. ಒಂದು ಮೊಟ್ಟೆಯಲ್ಲಿ ಸುಮಾರು 15 ಮೈಕ್ರೋಗ್ರಾಂ. ಬಂಗುಡೆ, ಭೂತಾಯಿಯಂಥ ಸಮುದ್ರದ ಮೀನು 100 ಗ್ರಾಂ ತಿಂದರೆ ದಿನದ ಅಗತ್ಯದ ಬಹುಪಾಲು ಮುಗಿಯಿತು. ಸಸ್ಯಾಹಾರಿಗಳಿಗೆ ಬೇಳೆಕಾಳು, ಗೋಧಿ, ಅಣಬೆ, ಸೂರ್ಯಕಾಂತಿ ಬೀಜ; ಪ್ರಮಾಣ ಬೆಳೆದ ಮಣ್ಣಿನಂತೆ ಬದಲಾಗುತ್ತದೆ. ಬ್ರೆಜಿಲ್ ನಟ್ ತಿನ್ನಲೇಬೇಕೆಂದರೆ ದಿನಕ್ಕೆ ಒಂದು, ಬೇರೆ ಸೆಲೆನಿಯಂ ಮಾತ್ರೆ ಯಾವುದೂ ಇಲ್ಲದೆ.

ಕರುಳಿನ ಕಾಯಿಲೆ, ಬೊಜ್ಜಿನ ಆಪರೇಷನ್, ಡಯಾಲಿಸಿಸ್ ಮುಂತಾದ ಕಾರಣಕ್ಕೆ ನಿಜವಾದ ಕೊರತೆ ಇದ್ದವರ ಮಾತು ಬೇರೆ. ಅಂಥವರಿಗೆ ಡಾಕ್ಟರ್ ಬರೆದರೆ ಮಾತ್ರೆ ಡಬ್ಬಿಯ ಮೇಲಿನ ಚೀಟಿ ಓದುವಾಗ ಒಂದು ಎಚ್ಚರ: ಸೆಲೆನೋಮೆಥಿಯೊನಿನ್ ಎಂಬ ಸೆಲೆನಿಯಂ ಸಂಯುಕ್ತ 100 ಮೈಕ್ರೋಗ್ರಾಂ ಎಂದರೆ ಒಳಗಿರುವ ಸೆಲೆನಿಯಂ 40 ಮಾತ್ರ, ಕೆಲವರು ಸಂಯುಕ್ತದ ತೂಕ ಬರೆಯುತ್ತಾರೆ, ಕೆಲವರು ಬರೀ ಸೆಲೆನಿಯಂನದು. ಥೈರಾಯ್ಡ್ ಕಾಯಿಲೆಯ ಜೊತೆ ಬರುವ ಕಣ್ಣಿನ ತೊಂದರೆ ಸೌಮ್ಯವಾಗಿದ್ದಾಗ ಸೋಡಿಯಂ ಸೆಲೆನೈಟ್ 100 ಮೈಕ್ರೋಗ್ರಾಂ ದಿನಕ್ಕೆರಡು ಬಾರಿ ಆರು ತಿಂಗಳು ಕೊಡುವುದಕ್ಕೆ ಗಟ್ಟಿ ಪುರಾವೆ ಇದೆ. ಆದರೆ ಅದು ಹೆಚ್ಚಾಗಿ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವ ಗ್ರೇವ್ಸ್ ಎಂಬ ಇನ್ನೊಂದು ಕಾಯಿಲೆಯವರಿಗೆ ಬರುವಂಥದ್ದು, ಅಲ್ಲೂ ಅವಧಿ ಮುಗಿದ ಮೇಲೆ ನಿಲ್ಲಿಸುತ್ತಾರೆ.

ಕೊನೆಯದಾಗಿ, ಮಗು ಬೇಕೆಂಬ ಯೋಚನೆ ಇದ್ದರೆ ಟಿಎಸ್‌ಎಚ್ 2.5ರ ಕೆಳಗೆ ಬರುವುದನ್ನು ಮೊದಲು ನೋಡಿಕೊಳ್ಳಿ. ಗರ್ಭ ನಿಂತದ್ದು ತಿಳಿದ ದಿನವೇ ಡಾಕ್ಟರಿಗೆ ಫೋನ್ ಮಾಡಿ. ಸಾಮಾನ್ಯವಾಗಿ ವಾರಕ್ಕೆ ಏಳರ ಬದಲು ಒಂಬತ್ತು ಮಾತ್ರೆ ತೆಗೆದುಕೊಳ್ಳಲು ಹೇಳುತ್ತಾರೆ, ಆಮೇಲೆ ನಾಲ್ಕು ವಾರಕ್ಕೊಮ್ಮೆ ಪರೀಕ್ಷೆ. ಆಂಟಿ-ಟಿಪಿಒ ಇದೆ ಎಂಬ ಕಾರಣಕ್ಕೆ ಬಸುರಿಯಲ್ಲಿ ಸೆಲೆನಿಯಂ ಕೊಡುವುದನ್ನು ಅಮೆರಿಕನ್ ಥೈರಾಯ್ಡ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ.