ಪಕ್ಕದ ಮಂಚ ಖಾಲಿಯಾದ ಮೇಲೆ

ಕಲಬುರಗಿಯ ಒಂದು ಧರ್ಮಾರ್ಥ ವೃದ್ಧಾಶ್ರಮದಿಂದ ಏಪ್ರಿಲ್‌ನಲ್ಲಿ ಫೋನ್ ಬಂತು. "ಒಬ್ಬ ಅಜ್ಜಿ ಊಟ ಬಿಟ್ಟಾರ, ಯಾರ ಜೋಡಿನೂ ಮಾತಾಡವಲ್ರು. ಸ್ವಲ್ಪ ಬುದ್ಧಿ ಹೇಳ್ರಿ" ಅಂದರು ಮ್ಯಾನೇಜರ್. ಬುದ್ಧಿ ಹೇಳೋದು ನನ್ನ ಕೆಲಸ ಅಲ್ಲ, ಆದರೂ ಹೋದೆ. (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮೊದಲು ಡಾಕ್ಟರಿಗೆ ತೋರಿಸಿ ಅಂದೆ. ವಯಸ್ಸಾದವರಿಗೆ ಬಾಯಾರಿಕೆ ಸರಿಯಾಗಿ ಗೊತ್ತಾಗಲ್ಲ. ಬಿಪಿಯ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ. ನಮ್ಮ ಕಡೆಯ ಬಿಸಿಲಲ್ಲಿ ಮೈಯಲ್ಲಿ ನೀರು ಕಡಿಮೆಯಾದರೆ ಮಂಕು ಕವಿಯುತ್ತೆ, ಅದನ್ನೇ ಖಿನ್ನತೆ ಅಂದುಕೊಳ್ಳೋದೂ ಉಂಟು. ತಪಾಸಣೆಯಲ್ಲಿ ದೊಡ್ಡದೇನೂ ಸಿಗಲಿಲ್ಲ.

ಆಮೇಲೆ ಅಜ್ಜಿಯೇ ಬಾಯಿಬಿಟ್ಟರು. "ಬಾಜೂ ಮಂಚದಾಕಿ ಹೋದಳು. ರಾತ್ರೋರಾತ್ರಿ ಒಯ್ದರು. ಮುಂಜಾನೆ ನೋಡಿದರ ಗಾದಿ ಸುತ್ತಿಟ್ಟಾರ. ಯಾರೂ ಒಂದ್ ಮಾತು ಹೇಳಲಿಲ್ಲ." ಸೆರಗಿನ ಗಂಟು ಬಿಚ್ಚಿ ತೋರಿಸಿದರು. ಸಂಧ್ಯಾ ಸುರಕ್ಷಾ ಪಿಂಚಣಿಯ 1,200 ರೂಪಾಯಿಯಲ್ಲಿ ತಿಂಗಳು ತಿಂಗಳೂ ಉಳಿಸಿದ್ದು. ಬೆವರಿಗೆ ನೋಟುಗಳು ಒಂದಕ್ಕೊಂದು ಅಂಟಿದ್ದವು. "ನನ್ನ ಮಣ್ಣಿಗೆ ಇದು. ಇಲ್ಲಂದ್ರ ನನ್ನೂ ಹಂಗೇ ಒಯ್ತಾರ."

ಮ್ಯಾನೇಜರನ್ನ ಕೇಳಬಹುದಿತ್ತಲ್ಲ ಅವ್ವಾ ಅಂದೆ.

"ಪುಕ್ಕಟೆ ಉಣ್ಣಾಕಿ ನಾ. ಹ್ಯಾಂಗ ಕೇಳ್ಲಿ ಯವ್ವ?"

ದಾನದ ಮನೆಗಳಲ್ಲಿ ಇದೇ ಕಷ್ಟ. ಯಾರೂ ದೂರು ಹೇಳಲ್ಲ, ಟ್ರಸ್ಟಿನವರು ಎಲ್ಲ ಚೆನ್ನಾಗಿದೆ ಅಂದುಕೊಳ್ಳುತ್ತಾರೆ. ದೂರೇ ಬರದ ಆಶ್ರಮ ಕಂಡರೆ ನನಗೆ ದಿಗಿಲು. ಇಲ್ಲಿ ಹೆಂಗಸರ ಹಾಲ್‌ನ ಕೂಲರ್ ಕೆಟ್ಟಿತ್ತು. ಯಾರೂ ಹೇಳಿರಲಿಲ್ಲ, ಸುಮ್ನೆ ಒದ್ದೆ ಟವೆಲ್ ಹೊದ್ದು ಮಲಗುತ್ತಿದ್ದರು.

ಹಾಗಾಗಿ ಅಜ್ಜಿಗಿಂತ ಮ್ಯಾನೇಜರಿಗೆ ಹೇಳಿದ್ದೇ ಜಾಸ್ತಿ. ಯಾರಾದರೂ ತೀರಿಕೊಂಡರೆ ಎಲ್ಲರಿಗೂ ತಿಳಿಸಿ, ಮುಖ ನೋಡಲು ಬಿಡಿ, ಮಂಚದ ಹತ್ತಿರ ಒಂದು ದೀಪ ಹಚ್ಚಿ. "ವಯಸ್ಸಾದವ್ರು, ಹೆದರ್ತಾರ್ರೀ" ಅಂದರು. ಗಂಡನನ್ನು, ಒಡಹುಟ್ಟಿದವರನ್ನು, ಕೆಲವರು ಹೆತ್ತ ಮಕ್ಕಳನ್ನೇ ಕಳಿಸಿ ಬಂದವರು, ಇನ್ನೇನು ಹೆದರ್ತಾರೆ ಅಂದೆ. ಮಣ್ಣೋ, ದಹನವೋ, ದಫನೋ, ಯಾರಿಗೆ ತಿಳಿಸಬೇಕು ಅನ್ನೋದನ್ನು ಒಬ್ಬೊಬ್ಬರನ್ನೇ ಕೇಳಿ ಬರೆದಿಡಲು ಹೇಳಿದೆ. ಇಬ್ಬಿಬ್ಬರ ಜೋಡಿ ಮಾಡಿಸಿದೆವು. ಬೇಸಿಗೆಯಲ್ಲಿ ಒಬ್ಬರು ನೀರು ಕುಡಿದರೋ ಇಲ್ಲವೋ ಇನ್ನೊಬ್ಬರು ನೋಡಬೇಕು. ಒಬ್ಬ ಕಾಕಾ ಮಾತ್ರ ಯಾರ ಜೋಡಿಯೂ ಬೇಡ ಅಂದರು, ಬಿಟ್ಟೆವು.

ಅಡುಗೆಮನೆಯದ್ದೇ ದೊಡ್ಡ ಚೌಕಾಸಿ. ಕೈ ಸುಟ್ಟುಕೊಂಡಾರು ಅಂತ ಯಾರನ್ನೂ ಒಳಗೆ ಬಿಡುತ್ತಿರಲಿಲ್ಲ. ಜೀವನವಿಡೀ ರೊಟ್ಟಿ ಬಡಿದ ಕೈಗಳಿವು, ವಾರಕ್ಕೆ ಎರಡು ದಿನ ಬಿಡಿ ಅಂದೆ. ಬೇಯಿಸೋದು ಅಡುಗೆಯವಳು, ಬಡಿಯೋದು ಇವರು ಅಂತ ತೀರ್ಮಾನವಾಯಿತು. ಮೊದಲ ದಿನವೇ ಅಜ್ಜಿ "ಹಿಟ್ಟಿಗೆ ಜಿಗಿನೇ ಇಲ್ಲ, ಹಳೇ ಜೋಳ ಬೀಸ್ಯಾರ" ಅಂತ ಜೋರು ಮಾಡಿದರು. ಮ್ಯಾನೇಜರ್ ಮುಖ ಸಣ್ಣದಾಯಿತು, ನನಗೆ ಖುಷಿಯಾಯಿತು. ಆವತ್ತು ಎಲ್ಲರ ಜೊತೆ ಕೂತೇ ಉಂಡರು.

ಇನ್ನೊಂದು ಉಳಿದಿದೆ. ಅಜ್ಜಿ ಹೊಲವನ್ನು ಮಗನಿಗೆ ಬರೆದುಕೊಟ್ಟು ಬಂದವರು. 2007ರ ಹಿರಿಯ ನಾಗರಿಕರ ಕಾಯ್ದೆ ಪ್ರಕಾರ, ನೋಡಿಕೊಳ್ಳಬೇಕು ಅನ್ನೋ ಷರತ್ತು ಹಾಕಿ ಕೊಟ್ಟಿದ್ದರೆ, ಉಪವಿಭಾಗಾಧಿಕಾರಿ (ಎಸಿ) ಕಚೇರಿಯಲ್ಲಿ ಅರ್ಜಿ ಹಾಕಿ ವಾಪಸ್ ಕೇಳಬಹುದು. ಹಿರಿಯರ ಸಹಾಯವಾಣಿ 14567ಕ್ಕೆ ಫೋನ್ ಮಾಡಿದರೆ ದಾರಿ ಹೇಳುತ್ತಾರೆ. ಇದನ್ನು ಹೇಳಿದಾಗ "ಮಗನ ಮ್ಯಾಲ ಕೇಸ್ ಹಾಕಂಗಿಲ್ಲ" ಅಂದರು. ಒತ್ತಾಯ ಮಾಡಲಿಲ್ಲ, ನಂಬರನ್ನು ಪಾಸ್‌ಬುಕ್ ಹಿಂದೆ ಬರೆದುಕೊಟ್ಟೆ. ಸೆರಗಿನ ದುಡ್ಡನ್ನು ಬ್ಯಾಂಕಿಗಾದರೂ ಹಾಕಿ ಅಂದೆ. ಅದಕ್ಕೂ ಇನ್ನೂ ಒಪ್ಪಿಲ್ಲ.