ಗ್ರಬ್ ರೆಸ್ಕ್ಯೂ ಬಂತು ಅಂತ ಫಾರ್ಮ್ಯಾಟ್ ಮಾಡಬೇಡಿ ಮೇಷ್ಟ್ರೇ

ಮೇಷ್ಟ್ರೇ ನಮಸ್ಕಾರ. ಅಂಗಡಿ ಮುಚ್ಚಿ ಈಗಷ್ಟೇ ಮನೆಗೆ ಬಂದೆ, ಉತ್ತರ ತಡವಾಯಿತು. ಬೇರೆ ಏನು ಓದದಿದ್ದರೂ ಇದೊಂದು ಓದಿ: ಫಾರ್ಮ್ಯಾಟ್ ಮಾಡಬೇಡಿ. ಮೇಲೆ ಇಬ್ಬರು ಹೇಳಿದ ಹಾಗೆ ಲಿನಕ್ಸನ್ನು ಇನ್ನೊಂದು ಸಲ ಇನ್‌ಸ್ಟಾಲ್ ಮಾಡುವುದಕ್ಕೂ ಈಗಲೇ ಹೋಗಬೇಡಿ. ನೀವು ಹಾಕಿದ ಫೋಟೋ ನೋಡಿದರೆ ನಿಮ್ಮ ವಿಂಡೋಸೂ ಇದೆ, ಲಿನಕ್ಸ್ ಮಿಂಟೂ ಇದೆ, ಡಿ ಡ್ರೈವಿನ ಪ್ರಶ್ನೆಪತ್ರಿಕೆಗಳೂ ಇರಬೇಕು.

ಹೊಸದಾಗಿ ಓದುವವರಿಗೆ ವಿಷಯ ಹೇಳಿಬಿಡುತ್ತೇನೆ. ಮೇಷ್ಟ್ರದ್ದು ವಿಂಡೋಸ್ 7 ಕಾಲದ ಲ್ಯಾಪ್‌ಟಾಪ್, ಆಮೇಲೆ ವಿಂಡೋಸ್ 10 ಹಾಕಿಸಿದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತಿತು, ಈ ಮೆಷಿನ್ನಿನಲ್ಲಿ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಇಲ್ಲದ ಕಾರಣ 11ಕ್ಕೆ ಹೋಗಲಾಗಲಿಲ್ಲ. ಹಾಗಾಗಿ ಇ ಡ್ರೈವಿನಲ್ಲಿ ಸ್ವಲ್ಪ ಜಾಗ ಬಿಡಿಸಿ ಅದರ ಪಕ್ಕಕ್ಕೆ ಲಿನಕ್ಸ್ ಮಿಂಟ್ ಹಾಕಿಕೊಂಡರು. ಒಂದು ವಾರ ಎರಡೂ ಚೆನ್ನಾಗಿ ನಡೆದವು. ಮೊನ್ನೆ ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದು, ಖಾಲಿಯಾಗಿದ್ದ ಇ ಡ್ರೈವನ್ನು ಡಿಲೀಟ್ ಮಾಡಿ, ಆ ಜಾಗವನ್ನು ಡಿ ಡ್ರೈವಿಗೆ ಸೇರಿಸಿದರು. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಮೇಲ್ಗಡೆ ಎರಡು ಸಾಲು: "ಎರರ್: ನೋ ಸಚ್ ಪಾರ್ಟಿಷನ್", ಅದರ ಕೆಳಗೆ "ಗ್ರಬ್ ರೆಸ್ಕ್ಯೂ". ಗ್ರಬ್ ಅಂದರೆ ಮೆಷಿನ್ ಆನ್ ಆದಾಗ ಮಿಂಟ್ ಬೇಕೋ ವಿಂಡೋಸ್ ಬೇಕೋ ಅಂತ ಮೆನು ತೋರಿಸಿ, ಆರಿಸಿದ ಓಎಸ್ (ಆಪರೇಟಿಂಗ್ ಸಿಸ್ಟಮ್) ತೆರೆಯುವ ಸಣ್ಣ ಪ್ರೋಗ್ರಾಂ.

ಆಗಿರುವುದು ಏನು ಅಂತ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕಾರಣ ಗೊತ್ತಾದರೆ ಕೈ ನಡುಗುವುದಿಲ್ಲ.

ನಿಮ್ಮದು ಹಳೇ ಎಂಬಿಆರ್ ಪದ್ಧತಿಯ ಡಿಸ್ಕ್. ಅದರ ಮೊಟ್ಟಮೊದಲ ಸೆಕ್ಟರ್ 512 ಬೈಟ್. ಅದರಲ್ಲಿ ಪಾರ್ಟಿಷನ್ (ಡಿಸ್ಕಿನ ಭಾಗ) ಪಟ್ಟಿಗೆ ಸಿಗುವುದು 64 ಬೈಟ್, ಅಂದರೆ ನಾಲ್ಕೇ ನಾಲ್ಕು ಪಾರ್ಟಿಷನ್ನಿಗೆ ಸ್ಥಳ. ನಾಲ್ಕಕ್ಕಿಂತ ಹೆಚ್ಚು ಬೇಕಾದಾಗ ಒಂದನ್ನು ಎಕ್ಸ್‌ಟೆಂಡೆಡ್ ಅಂತ ಮಾಡಿ, ಅದರ ಹೊಟ್ಟೆಯೊಳಗೆ ಲಾಜಿಕಲ್ ಪಾರ್ಟಿಷನ್‌ಗಳನ್ನು ಮಾಡುತ್ತಾರೆ. ಅವುಗಳ ನಂಬರ್ ಯಾವಾಗಲೂ 5ರಿಂದ ಶುರು. ನೀವು ಹೇಳಿದ ಲೆಕ್ಕದಲ್ಲಿ ಡಿ 5, ಇ 6, ಮಿಂಟ್ 7 ಆಗಿತ್ತು. ಈ ನಂಬರು ಎಲ್ಲೂ ಬರೆದಿಟ್ಟದ್ದಲ್ಲ, ಸಾಲಿನಲ್ಲಿ ನಿಂತ ಕ್ರಮದಿಂದ ಬರುವುದು. ಪಡಿತರ ಅಂಗಡಿ ಸಾಲಿನಲ್ಲಿ ಆರನೆಯವನು ಎದ್ದುಹೋದರೆ ಏಳನೆಯವನು ಆರಕ್ಕೆ ಬರುತ್ತಾನಲ್ಲ, ಹಾಗೆ ಇ ಹೋದ ಕೂಡಲೇ ಮಿಂಟ್ 6 ಆಯಿತು. ಗ್ರಬ್ ಮಾತ್ರ, ಇನ್‌ಸ್ಟಾಲ್ ಆದ ದಿನ ತನ್ನೊಳಗೆ ಬರೆದುಕೊಂಡ "ನನ್ನ ಉಳಿದ ಫೈಲುಗಳು 7ರಲ್ಲಿವೆ" ಅನ್ನುವುದನ್ನೇ ನಂಬಿಕೊಂಡು 7ನ್ನು ಹುಡುಕುತ್ತಿದೆ. 7 ಇಲ್ಲ. ಅದಕ್ಕೇ "ಅಂಥ ಪಾರ್ಟಿಷನ್ ಇಲ್ಲ" ಅಂತ ನಿಂತಿದೆ. ಮನೆ ಇದ್ದಲ್ಲೇ ಇದೆ, ಮನೆ ನಂಬರ್ ಬದಲಾಗಿದೆ, ಅಷ್ಟೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಾನು ರಿಪೇರಿ ಕೆಲಸಕ್ಕೆ ಕೂತ ಮೊದಲ ವರ್ಷ ಒಬ್ಬ ಸ್ಟುಡಿಯೋದವರು ಇದೇ ಪರದೆ ಬಂದ ಸಿಪಿಯು ತಂದಿದ್ದರು. ಗ್ರಬ್ ಅಂದರೇನು ಅಂತ ನನಗೆ ಆಗ ಗೊತ್ತಿರಲಿಲ್ಲ. ಡಿಸ್ಕ್ ಹೋಗಿದೆ ಅಂದುಕೊಂಡು ಪೂರ್ತಿ ಅಳಿಸಿ ವಿಂಡೋಸ್ ಹಾಕಿಕೊಟ್ಟೆ. ಅದರಲ್ಲಿ ಎರಡು ಮದುವೆಗಳ ಫೋಟೋ ಇತ್ತು, ಬೇರೆಲ್ಲೂ ಕಾಪಿ ಇರಲಿಲ್ಲ. ಆರು ತಿಂಗಳ ಮೇಲೆ ಈ ನಾಲ್ಕು ಸಾಲು ಕಮಾಂಡ್ ಕಲಿತ ದಿನ ಅವರ ಮುಖ ನೆನಪಾಗಿ ರಾತ್ರಿ ನಿದ್ದೆ ಬರಲಿಲ್ಲ. ಇಂಥ ದೋಷದಿಂದ ಫೈಲ್ ಹೋಗುವುದು ಅಪರೂಪ. ಗಾಬರಿಯಲ್ಲಿ ಮಾಡುವ ಎರಡನೇ ಇನ್‌ಸ್ಟಾಲ್‌ನಿಂದ ಹೋದದ್ದನ್ನು ತುಂಬಾ ನೋಡಿದ್ದೇನೆ.

ಈಗ ಕೆಲಸಕ್ಕೆ ಬನ್ನಿ. ಕಮಾಂಡುಗಳನ್ನು ಫೋನಿನಲ್ಲಿ ಓದಿ ಹೇಳಿದ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಮಾಡಿ. ಪೆನ್‌ಡ್ರೈವ್, ಮೆಮೊರಿ ಕಾರ್ಡ್ ಎಲ್ಲ ತೆಗೆದುಬಿಡಿ, ಇಲ್ಲದಿದ್ದರೆ ಡಿಸ್ಕಿನ ನಂಬರ್ ಹೆಚ್ಚುಕಡಿಮೆ ಆಗಬಹುದು.

ಗ್ರಬ್ ರೆಸ್ಕ್ಯೂ ಪಕ್ಕದಲ್ಲಿ ಎಲ್, ಎಸ್ ಎರಡೇ ಅಕ್ಷರ ಹೊಡೆದು ಎಂಟರ್ ಒತ್ತಿ. ಆವರಣದೊಳಗೆ ಒಂದು ಸಾಲು ಬರುತ್ತದೆ: (ಎಚ್‌ಡಿ0), (ಎಚ್‌ಡಿ0,ಎಂಎಸ್‌ಡಾಸ್6), (ಎಚ್‌ಡಿ0,ಎಂಎಸ್‌ಡಾಸ್5) ಹೀಗೆ. ಒಂದೊಂದನ್ನೂ ತೆರೆದು ನೋಡಬೇಕು. ಎಲ್‌ಎಸ್ ಬರೆದು ಒಂದು ಸ್ಪೇಸ್ ಬಿಟ್ಟು (ಎಚ್‌ಡಿ0,ಎಂಎಸ್‌ಡಾಸ್6)/ ಅಂತ ಹೊಡೆಯಿರಿ. ಕೊನೆಯ ಗೆರೆ ಮರೆಯಬೇಡಿ. ವಿಂಡೋಸಿನ ಪಾರ್ಟಿಷನ್ ಆಗಿದ್ದರೆ "ಅನ್‌ನೋನ್ ಫೈಲ್‌ಸಿಸ್ಟಮ್" ಅನ್ನುತ್ತದೆ. ಹೆದರಬೇಡಿ, ಈ ಹಂತದಲ್ಲಿ ಗ್ರಬ್‌ಗೆ ವಿಂಡೋಸಿನ ಎನ್‌ಟಿಎಫ್‌ಎಸ್ ಓದಲು ಬರುವುದಿಲ್ಲ, ಹಾಳಾಗಿದೆ ಅಂತ ಅರ್ಥವಲ್ಲ. ಮಿಂಟ್ ಇರುವ ಪಾರ್ಟಿಷನ್ ಸಿಕ್ಕಾಗ ಬೂಟ್, ಹೋಮ್, ಇಟಿಸಿ ಅಂತ ಫೋಲ್ಡರ್ ಹೆಸರುಗಳು ಸಾಲಾಗಿ ಬರುತ್ತವೆ. ಆ ಸಾಲು ಕಂಡಿತೆಂದರೆ ಅರ್ಧ ಕೆಲಸ ಮುಗಿಯಿತು.

ಅದು 6 ಅಂತ ಇಟ್ಟುಕೊಳ್ಳೋಣ. ಈ ನಾಲ್ಕು ಸಾಲು ಒಂದಾದ ಮೇಲೊಂದು:

ಸೆಟ್ ರೂಟ್=(ಎಚ್‌ಡಿ0,ಎಂಎಸ್‌ಡಾಸ್6)
ಸೆಟ್ ಪ್ರಿಫಿಕ್ಸ್=(ಎಚ್‌ಡಿ0,ಎಂಎಸ್‌ಡಾಸ್6)/ಬೂಟ್/ಗ್ರಬ್
ಇನ್ಸ್‌ಮಾಡ್ ನಾರ್ಮಲ್
ನಾರ್ಮಲ್

ಸಮಚಿಹ್ನೆಯ ಎರಡೂ ಕಡೆ ಸ್ಪೇಸ್ ಇರಬಾರದು. ತಪ್ಪಿಲ್ಲದೆ ಹೊಡೆದರೆ ಮೊದಲ ಮೂರು ಸಾಲಿಗೆ ಪರದೆ ಏನೂ ಹೇಳುವುದಿಲ್ಲ, ಸುಮ್ಮನೆ ಮುಂದಿನ ಸಾಲಿಗೆ ಬರುತ್ತದೆ. ಆ ಮೌನವೇ ಸರಿ ಅನ್ನುವ ಗುರುತು. ನಾಲ್ಕನೆಯದಕ್ಕೆ ನಿಮ್ಮ ಹಳೇ ಮೆನು ಬರುತ್ತದೆ, ಅದರಲ್ಲಿ ಮಿಂಟ್, ವಿಂಡೋಸ್ ಎರಡೂ ಇರುತ್ತವೆ.

ಇಲ್ಲಿಗೆ ನಿಲ್ಲಿಸಬೇಡಿ. ಈಗ ಮಾಡಿದ್ದು ಆಫ್ ಮಾಡುವ ತನಕ ಮಾತ್ರ. ಮೆನುವಿನಲ್ಲಿ ಮಿಂಟ್ ಆರಿಸಿ ಒಳಗೆ ಹೋಗಿ, ಟರ್ಮಿನಲ್ ತೆಗೆದು, ಸುಡೊ ಗ್ರಬ್-ಇನ್‌ಸ್ಟಾಲ್ /ಡೆವ್/ಎಸ್‌ಡಿಎ ಅಂತ ಕೊಡಿ. ಎಸ್‌ಡಿಎ ಮುಂದೆ ನಂಬರ್ ಹಾಕಬೇಡಿ, ಗ್ರಬ್ ಕೂರಬೇಕಾದ್ದು ಇಡೀ ಡಿಸ್ಕಿನ ತಲೆಯಲ್ಲಿ, ಒಂದು ಪಾರ್ಟಿಷನ್ನಿನೊಳಗಲ್ಲ. ಆಮೇಲೆ ಸುಡೊ ಅಪ್‌ಡೇಟ್-ಗ್ರಬ್. ಆಗ ಅದು ಹೊಸ ನಂಬರನ್ನು ಬರೆದುಕೊಳ್ಳುತ್ತದೆ. ಎರಡು ಸಲ ರೀಸ್ಟಾರ್ಟ್ ಮಾಡಿ, ಒಮ್ಮೆ ಮಿಂಟ್, ಒಮ್ಮೆ ವಿಂಡೋಸ್ ತೆರೆದು ನೋಡಿ.

ನಾಲ್ಕು ಸಾಲಿನಿಂದ ಮೆನು ಬರಲೇ ಇಲ್ಲ ಅಂದರೆ ಮಿಂಟ್ ಹಾಕಿದ ಅದೇ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಇನ್‌ಸ್ಟಾಲ್ ಒತ್ತದೆ ಹಾಗೇ ಡೆಸ್ಕ್‌ಟಾಪಿಗೆ ಹೋಗಿ. ಮೊದಲು ಫೈಲ್ ಮ್ಯಾನೇಜರಿನಲ್ಲಿ ಡಿ ಡ್ರೈವ್ ತೆಗೆದು ಪ್ರಶ್ನೆಪತ್ರಿಕೆ, ಅಂಕಪಟ್ಟಿ ಎಲ್ಲವನ್ನೂ ಇನ್ನೊಂದು ಪೆನ್‌ಡ್ರೈವಿಗೆ ಕಾಪಿ ಮಾಡಿಕೊಳ್ಳಿ. ಆಮೇಲೆ ಮೆನುವಿನ ಅಡ್ಮಿನಿಸ್ಟ್ರೇಷನ್ ಅಡಿಯಲ್ಲಿ ಬೂಟ್ ರಿಪೇರ್ ಇದೆ, ಅದರಲ್ಲಿ ರೆಕಮೆಂಡೆಡ್ ರಿಪೇರ್ ಒತ್ತಿ. ಅದಕ್ಕೆ ಇಂಟರ್ನೆಟ್ ಬೇಕು, ಫೋನಿನ ಹಾಟ್‌ಸ್ಪಾಟ್ ಸಾಕು. ಒಂದು ಎಚ್ಚರಿಕೆ: ಪೆನ್‌ಡ್ರೈವನ್ನು ಲೆಗಸಿ ಮೋಡಿನಲ್ಲೇ (ಹಳೇ ಬೂಟ್ ಪದ್ಧತಿ, ಹೊಸದು ಯುಇಎಫ್‌ಐ) ಬೂಟ್ ಮಾಡಿ. ಅನುಮಾನ ಬಂದರೆ ಸಿಸ್ ಫೋಲ್ಡರಿನೊಳಗೆ ಫರ್ಮ್‌ವೇರ್ ಫೋಲ್ಡರ್ ತೆಗೆಯಿರಿ. ಅಲ್ಲಿ ಇಎಫ್‌ಐ ಅನ್ನುವ ಫೋಲ್ಡರ್ ಇದ್ದರೆ ಯುಇಎಫ್‌ಐ ಮೋಡಿನಲ್ಲಿದ್ದೀರಿ. ಒಂದು ಓಎಸ್ ಲೆಗಸಿಯಲ್ಲಿ, ಇನ್ನೊಂದು ಯುಇಎಫ್‌ಐನಲ್ಲಿ ಇದ್ದರೆ ಗ್ರಬ್ ಮೆನುವಿನಿಂದ ಒಂದಕ್ಕೊಂದು ದಾಟಲಾಗುವುದಿಲ್ಲ. ನಮ್ಮ ಅಂಗಡಿಗೆ ಬರುವ ಡ್ಯುಯಲ್ ಬೂಟ್ (ಒಂದೇ ಮೆಷಿನ್ನಿನಲ್ಲಿ ಎರಡು ಓಎಸ್) ತೊಂದರೆಗಳಲ್ಲಿ ಇದನ್ನು ಮತ್ತೆ ಮತ್ತೆ ನೋಡುತ್ತೇನೆ.

ಫಿಕ್ಸ್‌ಎಂಬಿಆರ್ ಹೊಡೆಯಿರಿ ಅಂತ ಮೇಲೊಬ್ಬರು ಹೇಳಿದ್ದಾರಲ್ಲ, ಅದು ಸುಳ್ಳಲ್ಲ. ವಿಂಡೋಸ್ ಪೆನ್‌ಡ್ರೈವಿನಿಂದ ಬೂಟ್‌ರೆಕ್ /ಫಿಕ್ಸ್‌ಎಂಬಿಆರ್ ಕೊಟ್ಟರೆ ವಿಂಡೋಸ್ ಏಳುತ್ತದೆ, ಫೈಲಿಗೂ ಏನೂ ಆಗುವುದಿಲ್ಲ. ಆದರೆ ಗ್ರಬ್ ಇದ್ದ ಜಾಗಕ್ಕೆ ವಿಂಡೋಸಿನದು ಬಂದು ಕೂರುತ್ತದೆ, ಮಿಂಟಿಗೆ ಹೋಗುವ ದಾರಿ ಮುಚ್ಚುತ್ತದೆ. ನಾಳೆ ಬೆಳಗ್ಗೆಯೇ ಪ್ರಶ್ನೆಪತ್ರಿಕೆ ಪ್ರಿಂಟ್ ಆಗಬೇಕು ಅನ್ನುವ ಸಂಕಟವಿದ್ದರೆ ಮಾತ್ರ ಅದನ್ನು ಮಾಡಿ.

ಇನ್ನು ಇಂಜಿನಿಯರಿಂಗ್ ಓದುತ್ತಿರುವ ತಮ್ಮನ ಪ್ರಶ್ನೆ. ಹೊಸ ಲ್ಯಾಪ್‌ಟಾಪ್, ಉಬುಂಟು (ಇನ್ನೊಂದು ಬಗೆಯ ಲಿನಕ್ಸ್) ಇನ್‌ಸ್ಟಾಲರಿಗೆ ಎಸ್‌ಎಸ್‌ಡಿ ಕಾಣಲಿಲ್ಲ, ಯಾವುದೋ ವಿಡಿಯೋ ನೋಡಿ ಬಯಾಸಿನಲ್ಲಿ (ಆನ್ ಆಗುವಾಗ ತೆರೆಯುವ ಮೆಷಿನ್ನಿನ ಸೆಟ್ಟಿಂಗ್) ಡಿಸ್ಕ್ ನಡೆಸುವ ವಿಧಾನದಲ್ಲಿ ಇಂಟೆಲ್ ಆರ್‌ಎಸ್‌ಟಿ ತೆಗೆದು ಎಎಚ್‌ಸಿಐ ಮಾಡಿದೆ, ಈಗ ವಿಂಡೋಸ್ ನೀಲಿ ಪರದೆಯಲ್ಲಿ "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅನ್ನುತ್ತಿದೆ, ಅಲ್ಲವೇನಪ್ಪಾ? ಮೊದಲು ಬಯಾಸಿಗೆ ಹೋಗಿ ವಾಪಸ್ ಆರ್‌ಎಸ್‌ಟಿಗೇ ಹಾಕು, ವಿಂಡೋಸ್ ಮೊದಲಿನ ಹಾಗೆ ಬರುತ್ತದೆ. ಅದು ಎಎಚ್‌ಸಿಐ ಡ್ರೈವರನ್ನು ಬೂಟ್ ಹೊತ್ತಿಗೆ ಲೋಡ್ ಮಾಡಿಕೊಳ್ಳಲು ತಯಾರಾಗಿರಲಿಲ್ಲ, ಅಷ್ಟೇ ಆದದ್ದು. ಒಳಗೆ ಹೋದ ಮೇಲೆ ಎಂಎಸ್‌ಕಾನ್ಫಿಗ್ ತೆಗೆದು, ಬೂಟ್ ಟ್ಯಾಬಿನಲ್ಲಿ ಸೇಫ್ ಬೂಟ್, ಮಿನಿಮಲ್ ಟಿಕ್ ಮಾಡು. ರೀಸ್ಟಾರ್ಟ್ ಆಗುವಾಗ ನೇರ ಬಯಾಸಿಗೆ ಹೋಗಿ ಎಎಚ್‌ಸಿಐ ಮಾಡು. ಸೇಫ್ ಮೋಡಿನಲ್ಲಿ ಎದ್ದಾಗ ವಿಂಡೋಸ್ ತಾನೇ ಸರಿಯಾದ ಡ್ರೈವರ್ ಹಾಕಿಕೊಳ್ಳುತ್ತದೆ. ಆಮೇಲೆ ಆ ಟಿಕ್ ತೆಗೆದು ಮಾಮೂಲಿನಂತೆ ರೀಸ್ಟಾರ್ಟ್. ಪಿನ್ ಒಂದನ್ನೇ ನಂಬಬೇಡ, ಅಕೌಂಟಿನ ಪಾಸ್‌ವರ್ಡ್ ನೆನಪಿರಲಿ.

ಇದಕ್ಕೆಲ್ಲ ಮೊದಲು ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಸೌಲಭ್ಯ) ನೋಡಿಕೋ. ಹೊಸ ಲ್ಯಾಪ್‌ಟಾಪುಗಳಲ್ಲಿ ನಾವು ಕೇಳದೆಯೇ ಅದು ಆನ್ ಆಗಿರುವುದುಂಟು. ಬಯಾಸಿನಲ್ಲಿ ಏನಾದರೂ ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳಿ ನಿಲ್ಲುತ್ತದೆ. ಆ ಕೀ ಸಾಮಾನ್ಯವಾಗಿ ನಿನ್ನ ಮೈಕ್ರೋಸಾಫ್ಟ್ ಅಕೌಂಟಿನಲ್ಲಿರುತ್ತದೆ. ಈಗಲೇ ಹುಡುಕಿ ಕಾಗದದ ಮೇಲೆ ಬರೆದಿಟ್ಟುಕೋ, ಅದೇ ಲ್ಯಾಪ್‌ಟಾಪಿನ ನೋಟ್‌ಪ್ಯಾಡಿನಲ್ಲಲ್ಲ. ಕೀ ಇಲ್ಲದಿದ್ದರೆ ಫೈಲ್ ತೆಗೆಯಲು ನನ್ನಿಂದಲೂ ಆಗದು, ಯಾರಿಂದಲೂ ಆಗದು.

ವಿಂಡೋಸ್ ಅಪ್‌ಡೇಟ್ ಆದ ಮೇಲೆ "ಸಮ್‌ಥಿಂಗ್ ಹ್ಯಾಸ್ ಗಾನ್ ಸೀರಿಯಸ್ಲಿ ರಾಂಗ್: ಎಸ್‌ಬ್ಯಾಟ್" ಅಂತ ಬಂದು ಲ್ಯಾಪ್‌ಟಾಪ್ ಆಫ್ ಆಗುತ್ತದೆ ಅಂದ ಮೇಡಂಗೆ: ಇದು 2024ರ ಆಗಸ್ಟ್ 13ರ ಅಪ್‌ಡೇಟಿನಿಂದ ಎಷ್ಟೋ ಜನರಿಗೆ ಬಂದ ತೊಂದರೆ. ಹಳೇ, ದೋಷವಿದ್ದ ಗ್ರಬ್‌ಗಳನ್ನು ಸೆಕ್ಯೂರ್ ಬೂಟ್ (ನಂಬಿಕೆಯ ಪ್ರೋಗ್ರಾಂನಿಂದ ಮಾತ್ರ ಬೂಟ್ ಆಗಲು ಬಿಡುವ ರಕ್ಷಣೆ) ಒಳಗೆ ಬಿಡಬಾರದು ಅಂತ ಆ ಅಪ್‌ಡೇಟ್ ನಿರ್ಬಂಧ ಹಾಕಿತು. ಡ್ಯುಯಲ್ ಬೂಟ್ ಇರುವ ಮೆಷಿನ್‌ಗಳನ್ನು ಬಿಟ್ಟುಬಿಡಬೇಕಿತ್ತು, ಎಷ್ಟೋ ಕಡೆ ಬಿಡಲಿಲ್ಲ. ಬಿಟ್‌ಲಾಕರ್ ಕೀ ಕೈಯಲ್ಲಿಟ್ಟುಕೊಂಡು ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಿ, ಉಬುಂಟುವಿಗೆ ಹೋಗಿ, ಸುಡೊ ಮೋಕ್‌ಯುಟಿಲ್ --ಸೆಟ್-ಎಸ್‌ಬ್ಯಾಟ್-ಪಾಲಿಸಿ ಡಿಲೀಟ್ ಅಂತ ಕೊಡಿ. ಇನ್ನೊಮ್ಮೆ ಉಬುಂಟುವಿಗೇ ರೀಸ್ಟಾರ್ಟ್ ಮಾಡಿ, ಅಪ್‌ಡೇಟ್‌ಗಳನ್ನೆಲ್ಲ ಹಾಕಿಕೊಂಡು, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ. ಆಫ್ ಮಾಡಿಯೇ ಬಿಟ್ಟುಬಿಡಿ ಅನ್ನುವ ಸಲಹೆ ನನಗೆ ಒಪ್ಪಿಗೆಯಿಲ್ಲ, ಉಬುಂಟು, ಮಿಂಟ್, ಫೆಡೋರಾ ಮೂರೂ ಅದರ ಜೊತೆ ನಡೆಯುತ್ತವೆ.

ಮೆನುವೇ ಬರದೆ ನೇರ ವಿಂಡೋಸಿಗೆ ಹೋಗುವವರು ಬಯಾಸಿನ ಬೂಟ್ ಆರ್ಡರಿನಲ್ಲಿ ಉಬುಂಟುವನ್ನು ಮೇಲಕ್ಕೆ ತನ್ನಿ, ಮಿಂಟ್ ಹಾಕಿದ್ದರೂ ಅಲ್ಲಿ ಉಬುಂಟು ಅಂತಲೇ ಇರುತ್ತದೆ. ಮೆನು ಬಂದು ಅದರಲ್ಲಿ ವಿಂಡೋಸ್ ಇಲ್ಲದಿದ್ದರೆ ಕಾರಣ ಇದು: ಗ್ರಬ್ 2.06ರಿಂದೀಚೆಗೆ ಬೇರೆ ಓಎಸ್ ಹುಡುಕುವ ಓಎಸ್-ಪ್ರೋಬರ್ ತಾನಾಗಿ ಆಫ್ ಇರುತ್ತದೆ. /ಇಟಿಸಿ/ಡೀಫಾಲ್ಟ್/ಗ್ರಬ್ ಫೈಲಿನಲ್ಲಿ ಗ್ರಬ್_ಡಿಸೇಬಲ್_ಓಎಸ್_ಪ್ರೋಬರ್=ಫಾಲ್ಸ್ ಅಂತ ಸೇರಿಸಿ ಅಪ್‌ಡೇಟ್-ಗ್ರಬ್ ಕೊಡಿ. ಈ ಸಾಲಿನಲ್ಲಿ ಸಮಚಿಹ್ನೆಯ ಎಡಗಡೆ ಪೂರ್ತಿ ದೊಡ್ಡಕ್ಷರ. ವಿಂಡೋಸಿನಲ್ಲಿ ಗಡಿಯಾರ ಐದೂವರೆ ಗಂಟೆ ಹಿಂದೆ ಹೋಗುತ್ತದೆ ಅನ್ನುವುದು ದೋಷವೇ ಅಲ್ಲ, ಲಿನಕ್ಸ್ ಮೆಷಿನ್ನಿನ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಸಮಯ) ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಅಂದುಕೊಳ್ಳುತ್ತದೆ. ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1 ಕೊಟ್ಟರೆ ಮುಗಿಯಿತು.

ಮೇಷ್ಟ್ರೇ, ವಿಂಡೋಸ್ ತೆರೆದ ಕೂಡಲೇ ಪವರ್ ಆಪ್ಷನ್ಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ವಿಂಡೋಸ್ ಅರ್ಧ ಮಲಗಿರುತ್ತದೆ, ಅದರ ಡ್ರೈವುಗಳಲ್ಲಿ ಮಿಂಟಿನಿಂದ ಏನೂ ಸೇವ್ ಮಾಡಲಾಗದ ಹಾಗೆ ಆಗುತ್ತದೆ. ಇನ್ನು ಮೇಲೆ ಪಾರ್ಟಿಷನ್ ಮುಟ್ಟಬೇಕಾದರೆ ಮೊದಲು ಮಿಂಟ್ ಪೆನ್‌ಡ್ರೈವ್ ಕೈಗೆ ಸಿಗುವಂತಿರಲಿ. ನುಡಿ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡುವುದಕ್ಕೇ ವಿಂಡೋಸ್ ಇಟ್ಟುಕೊಂಡಿದ್ದೇನೆ ಅಂದಿದ್ದೀರಿ. ಮಿಂಟಿನಲ್ಲೂ ಐಬಸ್ ಜೊತೆ ಎಂ17ಎನ್ ಅನ್ನುವ ಟೈಪಿಂಗ್ ಪ್ರೋಗ್ರಾಂಗಳನ್ನು ಹಾಕಿದರೆ ನುಡಿಯದ್ದೇ ಕೆಜಿಪಿ ಕೀಲಿಮಣೆ ಸಿಗುತ್ತದೆ, ಬೆರಳು ಹೊಸದೇನೂ ಕಲಿಯಬೇಕಿಲ್ಲ. ಹಳೇ ಆಸ್ಕಿ ಫೈಲುಗಳನ್ನು ಮಾತ್ರ ಯೂನಿಕೋಡಿಗೆ ಬದಲಾಯಿಸಿಕೊಳ್ಳಬೇಕು. ಅದನ್ನು ಬೇರೆ ದಿನ ಬರೆಯುತ್ತೇನೆ.

ಈಗ ಎಲ್‌ಎಸ್ ಹೊಡೆದು, ಬಂದ ಸಾಲಿನ ಫೋಟೋ ಇಲ್ಲೇ ಹಾಕಿ. ಹತ್ತೂವರೆವರೆಗೆ ಎದ್ದಿರುತ್ತೇನೆ. ಯಾವ ನಂಬರ್ ಅಂತ ಇಬ್ಬರೂ ನೋಡಿ ಖಚಿತ ಮಾಡಿಕೊಂಡು ಆಮೇಲೆ ಮುಂದಿನ ಸಾಲು ಹೊಡೆಯೋಣ.