ಸ್ವಂತ ಟೀ ಶರ್ಟ್ ಡಿಸೈನ್ ಮಾರಲು ಯಾವ ಪ್ರಿಂಟ್ ಆನ್ ಡಿಮಾಂಡ್ ಕಂಪನಿ ಒಳ್ಳೆಯದು?

ನಿಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಉಪ್ಪಳದ ಹತ್ತಿರ. ಕನ್ನಡ, ತುಳು ಮಾತುಗಳ ಹತ್ತು ಹನ್ನೆರಡು ಡಿಸೈನ್ ಮಾಡಿಟ್ಟಿದ್ದೀರಿ. ಕೈಯಲ್ಲಿ ಜಾಸ್ತಿ ದುಡ್ಡಿಲ್ಲ. ಆರ್ಡರ್ ಬಂದ ಮೇಲೆ ಒಂದೊಂದೇ ಶರ್ಟ್ ಅಚ್ಚು ಹಾಕಿ ಗಿರಾಕಿಯ ಮನೆಗೇ ಕಳಿಸುವ ಕಂಪನಿಗಳಲ್ಲಿ ಯಾವುದಕ್ಕೆ ಸೇರಲಿ ಅಂತ ಕೇಳಿದ್ದೀರಿ. ನಾನು ಅದೇ ಜಿಲ್ಲೆಯ ಬದಿಯಡ್ಕದವಳು. ಮೂರು ವರ್ಷದಿಂದ ಯಕ್ಷಗಾನದ ಕಿರೀಟ, ಮುಖವರ್ಣಿಕೆ ಚಿತ್ರಗಳ ಶರ್ಟ್ ಹೀಗೇ ಮಾರುತ್ತಿದ್ದೇನೆ.

ಕೊಳ್ಳುವವರು ಮಂಗಳೂರು, ಬೆಂಗಳೂರು, ನಮ್ಮ ಊರಿನವರೇ ಆದರೆ ಭಾರತದ ಕಂಪನಿಯನ್ನೇ ಹಿಡಿಯಿರಿ. ತಿರುಪ್ಪೂರಿನಲ್ಲಿ ಕ್ವಿಕಿಂಕ್ ಇದೆ, ಚೆನ್ನೈಯಲ್ಲಿ ಪ್ರಿಂಟ್ರೋವ್ ಇದೆ. ಪ್ರಿಂಟ್‌ಫುಲ್, ಪ್ರಿಂಟಿಫೈ ದೊಡ್ಡ ಹೆಸರು ನಿಜ, ಆದರೆ ಅವುಗಳ ಲೆಕ್ಕ ಡಾಲರಿನಲ್ಲಿ. ನಮ್ಮವರು 500 ರೂಪಾಯಿಗೆ ಕೊಳ್ಳುವ ಶರ್ಟಿಗೆ ಅದು ಹೊಂದುವುದಿಲ್ಲ. ರೆಡ್‌ಬಬಲ್‌ನಂಥ ಕಡೆ ಮಾರಾಟ ಅವರ ಸೈಟಿನಲ್ಲೇ ನಡೆಯುತ್ತದೆ, ನಿಮಗೆ ನಿಮ್ಮ ಪಾಲು ಬರುತ್ತದೆ. ಹೊರದೇಶದ ಗಿರಾಕಿಗಳಿದ್ದರೆ ಮಾತ್ರ ಅದನ್ನು ನೋಡಿ.

ಆದರೆ ಹೆಸರು ನೋಡಿ, ರೇಟ್ ನೋಡಿ ಸೇರಬೇಡಿ ಮಾರಾಯ್ರೇ. ಎರಡು ಕಡೆಯಿಂದ ನಿಮ್ಮದೇ ಡಿಸೈನಿನ ಒಂದೊಂದು ಶರ್ಟ್ ತರಿಸಿ. ಹತ್ತು ಸಲ ಒಗೆಯಿರಿ. ಆಮೇಲೆ ತೀರ್ಮಾನ ಮಾಡಿ. ಇದಕ್ಕೆ ಸಾವಿರ ರೂಪಾಯಿ ಆಸುಪಾಸು ಖರ್ಚಾಗಬಹುದು. ಆ ಸಾವಿರ ಉಳಿಸಲು ಹೋಗಿ ನಾನು ಅನುಭವಿಸಿದ್ದನ್ನು ಹೇಳುತ್ತೇನೆ.

ಮೊದಲು ನಾನು ಸೇರಿದ ಕಂಪನಿಯ ಸೈಟಿನಲ್ಲೇ ಅಕ್ಷರ ಟೈಪ್ ಮಾಡುವ ಸೌಲಭ್ಯ ಇತ್ತು. ಅಲ್ಲೇ 'ಯಕ್ಷಗಾನ' ಅಂತ ಬರೆದೆ. ಸ್ಕ್ರೀನಿನಲ್ಲಿ ಚೆನ್ನಾಗಿಯೇ ಕಂಡಿತು. ಶರ್ಟಿನ ಮೇಲೆ ಬಂದದ್ದು 'ಯಕ್‌ಷಗಾನ'. ಒತ್ತಕ್ಷರ ಒಡೆದು ಹೋಗಿತ್ತು. ನಾನು ಮಾದರಿ ತರಿಸಿರಲಿಲ್ಲ, ಹಾಗಾಗಿ ಆರು ಜನರ ಕೈಗೆ ಅದೇ ತಲುಪಿತು. ಆರೂ ಜನರಿಗೆ ದುಡ್ಡು ವಾಪಸ್ ಕೊಟ್ಟೆ. ನಮ್ಮ ಭಾಷೆಯನ್ನು ಪ್ರೀತಿಯಿಂದ ಎದೆಯ ಮೇಲೆ ಹಾಕಿಕೊಳ್ಳಲು ಹೊರಟವರಿಗೆ ತಪ್ಪು ಅಕ್ಷರ ಕೊಟ್ಟೆನಲ್ಲ ಅನ್ನುವ ಬೇಸರ ಇನ್ನೂ ಇದೆ.

ಆದ್ದರಿಂದ ಅಕ್ಷರಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಕೂರಿಸಿ. ಅದಕ್ಕೆ ಇಂಕ್‌ಸ್ಕೇಪ್ ಅನ್ನುವ ಡಿಸೈನ್ ಸಾಫ್ಟ್‌ವೇರ್ ಸಾಕು, ಉಚಿತ. ಬರೆದ ಮೇಲೆ ಅಕ್ಷರವನ್ನು ಪಾತ್ ಮಾಡಿಬಿಡಿ. ಆಗ ಅದು ಬರೀ ಗೆರೆ, ಎಲ್ಲಿಗೆ ಕಳಿಸಿದರೂ ಒಡೆಯುವುದಿಲ್ಲ. ಹಿನ್ನೆಲೆ ಇಲ್ಲದ ಪಿಎನ್‌ಜಿ ಫೈಲ್ ಮಾಡಿ, 300 ಡಿಪಿಐ ಇರಲಿ, ಅಂದರೆ ಇಂಚಿಗೆ 300 ಚುಕ್ಕೆ. 12 ಇಂಚು ಅಗಲ, 16 ಇಂಚು ಉದ್ದ ಅಂದರೆ 3600 × 4800 ಪಿಕ್ಸೆಲ್. ಫಾಂಟ್ ಎಲ್ಲಿಂದಲೋ ಎತ್ತಿಕೊಳ್ಳಬೇಡಿ. ಗೂಗಲ್ ಫಾಂಟ್ಸ್‌ನಲ್ಲಿರುವ ಬಾಲೂ ತಮ್ಮ, ನೋಟೋ ಕನ್ನಡ ಮುಂತಾದವು ಮುಕ್ತ ಪರವಾನಗಿಯವು, ಮಾರುವ ಶರ್ಟಿಗೂ ಬಳಸಬಹುದು.

ಒಗೆದು ನೋಡಿ ಅಂದೆನಲ್ಲ, ಅದಕ್ಕೆ ಕಾರಣ ಇದೆ. 'ಒಳಮಗ್ಗುಲು ಹೊರಗೆ ಮಾಡಿ ಮೆಷಿನ್‌ನಲ್ಲಿ ತಣ್ಣೀರಿನಲ್ಲಿ ಒಗೆಯಿರಿ' ಅಂತ ಕಂಪನಿಯವರು ಹೇಳುತ್ತಾರೆ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಈಗಲೂ ಒಗೆಯುವ ಕಲ್ಲೇ ಅಲ್ವಾ? ನನ್ನ ಅಮ್ಮ ಕಲ್ಲಿಗೆ ಬಡಿದು, ಬ್ರಷ್ ಹಾಕಿ ತಿಕ್ಕುತ್ತಾರೆ. ಆಮೇಲೆ ಡಿಟಿಎಫ್, ಡಿಟಿಜಿ ಅನ್ನುವ ಎರಡು ಬಗೆಯ ಮುದ್ರಣದ ಮಾದರಿ ಶರ್ಟ್ ತರಿಸಿ ಅವರ ಕೈಗೇ ಕೊಟ್ಟೆ, ಏನೂ ಹೇಳದೆ. ಡಿಟಿಎಫ್ ಅಂದರೆ ಮೊದಲು ಪ್ಲಾಸ್ಟಿಕ್ ಹಾಳೆಯ ಮೇಲೆ ಮುದ್ರಿಸಿ, ಅಂಟಿನ ಪುಡಿ ಹಾಕಿ, ಬಿಸಿಯಿಂದ ಬಟ್ಟೆಗೆ ಒತ್ತುವುದು. ಬಣ್ಣ ಎದ್ದು ಕಾಣುತ್ತದೆ. ಆದರೆ ನನ್ನ ಮಾದರಿಯಲ್ಲಿ ಒತ್ತಕ್ಷರದ ಸಣ್ಣ ತುದಿಗಳು ಏಳನೇ ಒಗೆತಕ್ಕೆ ಏಳತೊಡಗಿದವು. ಡಿಟಿಜಿಯಲ್ಲಿ ಶಾಯಿ ನೇರವಾಗಿ ಹತ್ತಿಯ ನೂಲಿಗೆ ಇಳಿಯುತ್ತದೆ. ಅಲ್ಲಿ ತುದಿ ಏಳಲಿಲ್ಲ, ಬಣ್ಣ ಸ್ವಲ್ಪ ಮಾಸಿತು. ಕಪ್ಪು ಶರ್ಟಿಗಾದರೆ ಡಿಟಿಜಿಯಲ್ಲಿ ಅಡಿಗೆ ಬಿಳಿ ಶಾಯಿ ಬೇಕು, ಅದು ಹಾಕಿದ ರೀತಿಯ ಮೇಲೆ ಎಲ್ಲ ನಿಂತಿದೆ. ನಾನು ಸಣ್ಣ ಗೆರೆಯ ಡಿಸೈನಿಗೆಲ್ಲ ಡಿಟಿಜಿ ಆರಿಸಿಕೊಂಡೆ. ಒಂದೇ ದೊಡ್ಡ ಬಣ್ಣದ ತುಂಡನ್ನು ಡಿಟಿಎಫ್‌ನಲ್ಲಿ ಎದೆತುಂಬ ಹಾಕಿದರೆ ನಮ್ಮ ಸೆಖೆಗೆ ಅದರಡಿ ಬೆವರು ಇಳಿಯುತ್ತದೆ, ಹಾಕಿದವರು ಎರಡನೇ ಸಲ ಕೊಳ್ಳುವುದಿಲ್ಲ. ಬಟ್ಟೆಯೂ ಹಾಗೆಯೇ. 240 ಜಿಎಸ್‌ಎಂನ (ಚದರ ಮೀಟರ್ ಬಟ್ಟೆಗೆ 240 ಗ್ರಾಂ ತೂಕ) ದಪ್ಪ ಓವರ್‌ಸೈಜ್ ಬೆಂಗಳೂರಿಗೆ ಸರಿ. ಕರಾವಳಿಗೆ 180 ಸಾಕು. ಆಟಿ ತಿಂಗಳ ಮಳೆಯಲ್ಲಿ ಆ ದಪ್ಪ ಶರ್ಟ್ ಮೂರು ದಿನವಾದರೂ ಒಣಗುವುದಿಲ್ಲ.

ಈಗ ದುಡ್ಡಿನ ಲೆಕ್ಕ. ಉದಾಹರಣೆಗೆ ಶರ್ಟ್ ಮತ್ತು ಮುದ್ರಣ ಸೇರಿ 300, ಕೊರಿಯರ್ 70, ಹಣ ಪಾವತಿಯ ಗೇಟ್‌ವೇಗೆ 12 ಅಂತ ಇಟ್ಟುಕೊಳ್ಳಿ. 499ಕ್ಕೆ ಮಾರಿದರೆ ತೆರಿಗೆಗೆ ಮೊದಲು 117 ಉಳಿದೀತು. ಒಂದು ಕ್ಯಾಶ್ ಆನ್ ಡೆಲಿವರಿ ಆರ್ಡರನ್ನು ಗಿರಾಕಿ ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ? ಶರ್ಟಿನ 300, ಹೋಗಿ ಬರುವ ಕೊರಿಯರ್ 140. ಹೆಚ್ಚುಕಡಿಮೆ ನಾಲ್ಕು ಶರ್ಟಿನ ಲಾಭ ಹೋಯಿತು. ವಾಪಸ್ ಬಂದ ಶರ್ಟನ್ನು ಕಂಪನಿ ಏನು ಮಾಡುತ್ತದೆ, ಮತ್ತೆ ಆರ್ಡರ್ ಬಂದಾಗ ಅದನ್ನೇ ಕಳಿಸುತ್ತದಾ ಅಂತ ಸೇರುವ ಮೊದಲೇ ಬರೆದು ಕೇಳಿ. ನಾನಂತೂ ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿಬಿಟ್ಟೆ.

ಗಡಿಯಲ್ಲಿರುವ ನಮಗೆ ಜಿಎಸ್‌ಟಿಯ ವಿಷಯ ಬೇರೆಯೇ ತರ. ಇಂತಿಷ್ಟು ಲಕ್ಷ ವಹಿವಾಟು ಆಗುವವರೆಗೆ ನೋಂದಣಿ ಬೇಡ ಅಂತ ಯಾರಾದರೂ ಹೇಳಿಯಾರು. ನಿಮ್ಮ ಮನೆಯಿಂದ ತಲಪಾಡಿ ದಾಟಿದರೆ ಮಂಗಳೂರು, ಆದರೆ ಕಾನೂನಿಗೆ ಅದು ಬೇರೆ ರಾಜ್ಯ. ರಾಜ್ಯ ದಾಟಿ ಸರಕು ಮಾರುವವರಿಗೆ ಮೊದಲ ಶರ್ಟಿನಿಂದಲೇ ನೋಂದಣಿ ಬೇಕು.  ಖಾತೆ ತೆರೆಯುವಾಗ ಕಂಪನಿ ಕೇಳದಿದ್ದರೂ ಮಾಡಿಸಿಕೊಳ್ಳಿ. ನೋಂದಣಿಗೆ ಸರ್ಕಾರಕ್ಕೆ ಕಟ್ಟುವ ಶುಲ್ಕ ಇಲ್ಲ. ಮನೆ ಅಪ್ಪನ ಹೆಸರಿನಲ್ಲಿದ್ದರೆ ಕರೆಂಟ್ ಬಿಲ್ಲಿನ ಜೊತೆ ಅವರ ಒಪ್ಪಿಗೆ ಪತ್ರ ಇಡಿ. ಮಾರಾಟ ಇಲ್ಲದಿದ್ದರೂ ಜಿಎಸ್‌ಟಿ ರಿಟರ್ನ್ ಸಲ್ಲಿಸುವುದನ್ನು ತಪ್ಪಿಸಬೇಡಿ, ದಂಡ ಬೀಳುತ್ತದೆ.

ಕವಿಗಳ ಸಾಲು ಹಾಕುವ ಆಸೆ ಇದೆ ಅಂದಿರಿ. ಕವಿ ತೀರಿಕೊಂಡ ವರ್ಷದ ಮೇಲೆ 60 ವರ್ಷ ಸಾಲುಗಳ ಮೇಲೆ ಹಕ್ಕು (ಕಾಪಿರೈಟ್) ಇರುತ್ತದೆ. ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಅವರು ಬದುಕಿದ್ದಾಗ ಅಚ್ಚಾದ ಸಾಲುಗಳು 2024ರಿಂದ ಎಲ್ಲರವು. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಸಾಲಿಗೆ ಮನೆಯವರ ಒಪ್ಪಿಗೆ ಬೇಕು. ಸಿನಿಮಾ ಡೈಲಾಗ್ ಬೇಡವೇ ಬೇಡ.

ಇನ್ನೊಂದು. ಜಾತ್ರೆಗೋ ಯುವಕ ಸಂಘಕ್ಕೋ ಒಂದೇ ಡಿಸೈನಿನ 50 ಶರ್ಟ್ ಕೇಳಿದರೆ ಈ ದಾರಿ ಬೇಡ. ಸ್ಕ್ರೀನ್ ಪ್ರಿಂಟ್ ಮಾಡಿಸಿ, ಒಂದೊಂದರ ಖರ್ಚು ಎಷ್ಟೋ ಕಡಿಮೆ ಆಗುತ್ತದೆ.

ನಿಮ್ಮ ಹನ್ನೆರಡರಲ್ಲಿ ಒತ್ತಕ್ಷರ ಜಾಸ್ತಿ ಇರುವ, ಗೆರೆ ತೆಳ್ಳಗಿರುವ ಒಂದನ್ನು ಆರಿಸಿ, ಈ ವಾರವೇ ಕಪ್ಪು ಶರ್ಟಿನ ಮೇಲೆ ಮಾದರಿ ತರಿಸಿ. ಒಗೆಯುವ ಮೊದಲು ಒಂದು, ಹತ್ತನೇ ಒಗೆತದ ಮೇಲೆ ಒಂದು ಫೋಟೋ ತೆಗೆದು ಇಲ್ಲಿ ಹಾಕಿ. ನಾನೂ ನೋಡಿ ಹೇಳುತ್ತೇನೆ.